ಚೂಸೊನ್-ಜಿಯ ಚಿನ್ನ-ಬೆಳ್ಳಿ ಸೂತ್ರಗಳು: 4,296 ಸುರುಳಿ ಕೋಯಾ ಬೆಟ್ಟದಲ್ಲಿ, ಮನೆಯಲ್ಲಿ ಉಳಿದಿದ್ದು 15. ವಾಪಸ್ ಬರಬೇಕಲ್ವಾ?

ಸೆಂಡೈ_ಕಾವ್ಯ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜಪಾನಿನ ಸೆಂಡೈನಲ್ಲಿದ್ದೀನಿ. ಹೋದ ವಾರ ಹಿರಾಇಝುಮಿಯ ಚೂಸೊನ್-ಜಿ ಅನ್ನೋ ಬೌದ್ಧ ಮಠಕ್ಕೆ ಹೋಗಿದ್ದೆ. ಅಲ್ಲಿಗೆ ಜನ ಹೋಗೋದು ಕೊಂಜಿಕಿದೊ ನೋಡೋಕೆ. 1124ರಲ್ಲಿ ಮುಗಿದ, ಒಳಗೂ ಹೊರಗೂ ಚಿನ್ನದ ರೇಕು ಹೊದಿಸಿದ ಪುಟ್ಟ ಮಂಟಪ ಅದು. ಚೆನ್ನಾಗಿದೆ, ಎರಡು ಮಾತಿಲ್ಲ. ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಅಲ್ಲೇ ಇರೋ ಸಾನ್ಕೋಝೊ ಸಂಗ್ರಹಾಲಯದಲ್ಲಿದ್ದ ಸೂತ್ರದ ಸುರುಳಿ.

ಕಡು ನೀಲಿ ಕಾಗದ. ಮೇಲಿಂದ ಕೆಳಗೆ ಬರೆದ ಸಾಲುಗಳು. ಒಂದು ಸಾಲು ಚಿನ್ನದಲ್ಲಿ, ಮುಂದಿನದು ಬೆಳ್ಳಿಯಲ್ಲಿ, ಮತ್ತೆ ಚಿನ್ನ, ಮತ್ತೆ ಬೆಳ್ಳಿ, ಸುರುಳಿಯ ಉದ್ದಕ್ಕೂ ಹೀಗೇ. ನೇರ ನಿಂತು ನೋಡಿದ್ರೆ ಚಿನ್ನದ ಸಾಲು ಮಾತ್ರ ಎದ್ದು ಕಾಣುತ್ತೆ. ತಲೆ ಸ್ವಲ್ಪ ಓರೆ ಮಾಡಿದ್ರೆ ಆಗ ಬೆಳ್ಳಿ ಸಾಲುಗಳು ಬೆಳಕು ಹಿಡಿಯುತ್ವೆ. ಸಾಲುಗಳ ಮಧ್ಯೆ ಕೂದಲೆಳೆಯಷ್ಟು ತೆಳು ಗೆರೆ. ಬರೆದವರ ಕೈ ಎಲ್ಲೂ ಅವಸರ ಪಟ್ಟ ಹಾಗೆ ಕಾಣಲ್ಲ.

ಇದನ್ನ ಬರೆಸಿದ್ದು ಆಗ ಉತ್ತರ ಜಪಾನನ್ನ ಆಳ್ತಿದ್ದ ಫುಜಿವಾರಾ ನೊ ಕಿಯೊಹಿರಾ. 1117ರ ಹೊತ್ತಿಗೆ ಕೆಲಸ ಶುರು, ಮುಗಿಯೋಕೆ ಎಂಟು ವರ್ಷದ ಮೇಲಾಯ್ತು. ಇಡೀ ಬೌದ್ಧ ತ್ರಿಪಿಟಕ, ಸುಮಾರು 5,300 ಸುರುಳಿ. ಅದರಲ್ಲಿ ಈಗ ಚೂಸೊನ್-ಜಿಯಲ್ಲಿ ಇರೋದು 15. ಉಳಿದದ್ದರಲ್ಲಿ 4,296 ಸುರುಳಿ ಎಲ್ಲೋ ದೂರದ, ದಕ್ಷಿಣದ ಕೋಯಾ ಬೆಟ್ಟದ ಕೊಂಗೋಬು-ಜಿ ಮಠದಲ್ಲಿವೆ. ಎರಡೂ ಕಡೆಯವು ರಾಷ್ಟ್ರೀಯ ನಿಧಿ.

ನನ್ನ ಪ್ರಶ್ನೆ ನೇರವಾಗಿದೆ. ಯುದ್ಧದಲ್ಲಿ ಸತ್ತವರಿಗೋಸ್ಕರ, ಆ ಯುದ್ಧ ನಡೆದ ನೆಲದಲ್ಲೇ ಇಡೋಕೆ ಅಂತ ಬರೆಸಿದ ಸೂತ್ರ ಅದು. ಆ ನೆಲದಿಂದ ಎತ್ತಿಕೊಂಡು ಹೋಗಿ 400 ವರ್ಷ ದಾಟಿದೆ. ವಾಪಸ್ ಕೊಡಬೇಕು ಅನ್ಸಲ್ವಾ ನಿಮಗೆ?

ಗುಬ್ಬಿಗೂಡು

15?! ಐದು ಸಾವಿರದಲ್ಲಿ ಹದಿನೈದಾ? ಎತ್ತಿಕೊಂಡು ಹೋದವರು ಯಾರು ಅಂತ ಮೊದಲು ಹೇಳಿ.

ಕಲ್ಲುಬರಹ

@ಗುಬ್ಬಿಗೂಡು, ಬಹುತೇಕ ಎಲ್ಲರೂ ಒಪ್ಪೋ ವಿವರಣೆ ಪ್ರಕಾರ ತೊಯೊತೊಮಿ ಹಿದೆತ್ಸುಗು. ಜಪಾನನ್ನ ಒಂದುಗೂಡಿಸಿದ ಹಿದೆಯೋಶಿಯ ಸೋದರಳಿಯ. 1591ರಲ್ಲಿ ಉತ್ತರದಲ್ಲಿ ಕುನೊಹೆ ಬಂಡಾಯ ಎದ್ದಾಗ ಸೈನ್ಯ ತಗೊಂಡು ಆ ಕಡೆ ಹೋಗಿದ್ದ. ದೊರೆ ಕಡೆಯವನು ಸೈನ್ಯದ ಜೊತೆ ಬಂದು ಕೇಳಿದ್ರೆ ಮಠದವರು ಇಲ್ಲ ಅನ್ನೋಕಾಗುತ್ತಾ? 16ನೇ ಶತಮಾನದ ಕೊನೆ ಹೊತ್ತಿಗೆ ಸುರುಳಿಗಳು ಕೋಯಾ ಸೇರಿದ್ವು.

ಮುಂದಿನ ಕಥೆ ಇನ್ನೂ ಕಟು. 1595ರಲ್ಲಿ ಅದೇ ಹಿದೆತ್ಸುಗುವನ್ನ ಹಿದೆಯೋಶಿ ಕೋಯಾ ಬೆಟ್ಟಕ್ಕೆ ಅಟ್ಟಿ, ಹೊಟ್ಟೆ ಸೀಳಿಕೊಂಡು ಸಾಯೋಕೆ ಅಪ್ಪಣೆ ಮಾಡಿದ. ಅವನು ಸತ್ತ ಜಾಗ ಇವತ್ತಿನ ಕೊಂಗೋಬು-ಜಿ ಇರೋ ಕಡೆನೇ. ಅಲ್ಲಿ "ವಿಲ್ಲೋ ಕೋಣೆ" ಅಂತ ಈಗಲೂ ತೋರಿಸ್ತಾರೆ.

ಧಾರವಾಡ_ಮಳಿ

ಅಂದ್ರ ಲೂಟಿ ಅಂತನ ಹೇಳ್ರಲ್ಲ ನೇರ. ಅದಕ್ಯಾಕ್ರಿ ಇಷ್ಟು ಸುತ್ತು ಬಳಸಿ ಮಾತು?

ಕೊಟ್ಟುಬಿಡಬೇಕು. ಮುಗೀತು.

ಒಸಾಕಾ_ರಘು

ಮುಗಿಯಲಿಲ್ಲ ಸಾರ್. ನಾನು ಕೋಯಾಗೆ ತುಂಬ ಸಲ ಹೋಗಿದ್ದೀನಿ, ಅದಕ್ಕೇ ಆ ಕಡೆಯ ಮಾತೂ ಇರಲಿ ಅಂತ ಬರೀತಿದ್ದೀನಿ.

1337ರಲ್ಲಿ ಚೂಸೊನ್-ಜಿಗೆ ದೊಡ್ಡ ಬೆಂಕಿ ಬಿತ್ತು. ಬೆಟ್ಟದ ಮೇಲಿದ್ದ ಮಂದಿರಗಳು ಹೆಚ್ಚುಕಡಿಮೆ ಎಲ್ಲವೂ ಸುಟ್ಟುಹೋದ್ವು. ಕೊಂಜಿಕಿದೊ ಉಳೀತು, ಸೂತ್ರ ಇಡೋ ಕ್ಯೋಝೊ ಅರ್ಧಂಬರ್ಧ ಉಳೀತು. ಅದಕ್ಕೆ ಎಷ್ಟೋ ಮೊದಲೇ, 1189ರಲ್ಲಿ ಮಿನಾಮೊತೊ ನೊ ಯೊರಿತೊಮೊ ದಾಳಿ ಮಾಡಿ ಉತ್ತರದ ಫುಜಿವಾರಾ ಮನೆತನವನ್ನೇ ಮುಗಿಸಿದ್ದ. ಕಾಯೋಕೆ ರಾಜಮನೆತನ ಇಲ್ಲ, ದುಡ್ಡಿಲ್ಲ, ಕಟ್ಟಡಗಳಿಲ್ಲ. ಅಂಥ ಸ್ಥಿತಿಯಲ್ಲಿ ಐದು ಸಾವಿರ ಕಾಗದದ ಸುರುಳಿ ಇನ್ನೂ 400 ವರ್ಷ ಅಲ್ಲೇ ಇದ್ದಿದ್ರೆ ಉಳೀತಿದ್ವಾ? ಕೋಯಾದವರು 4,296 ಸುರುಳಿಯನ್ನ ಚದುರದ ಹಾಗೆ ಇಟ್ಟುಕೊಂಡಿದ್ದಾರಲ್ಲ, ಅದಕ್ಕೆ ಬೆಲೆ ಬೇಡ್ವಾ?

ಕಲ್ಲುಬರಹ

@ಒಸಾಕಾ_ರಘು, ಬೆಂಕಿ ವಾದ ಎರಡೂ ಕಡೆ ಕುಯ್ಯುತ್ತೆ. ಕೋಯಾದಲ್ಲಿ ಬೆಂಕಿ ಬಿದ್ದಿಲ್ವಾ? ಅಲ್ಲಿನ ಮಹಾಸ್ತೂಪ ಸಿಡಿಲಿಗೆ ಎಷ್ಟು ಸಲ ಸುಟ್ಟಿದೆ! 1926ರಲ್ಲಿ ಕೊಂದೊ ಮಂದಿರ ಉರಿದಾಗ ಒಳಗಿದ್ದ ಮೂಲ ಬುದ್ಧ ವಿಗ್ರಹಗಳೂ ಹೋದ್ವು. ಸುರುಳಿಗಳು ಉಳಿದಿದ್ದರಲ್ಲಿ ಅದೃಷ್ಟದ ಪಾಲೂ ದೊಡ್ಡದು.

ಇನ್ನೊಂದು. ಚೂಸೊನ್-ಜಿಯವರಿಗೆ ಕಾಗದ ಕಾಯೋಕೆ ಬರ್ತಿರಲಿಲ್ಲ ಅನ್ನೋ ಧ್ವನಿ ನಿಮ್ಮ ಮಾತಲ್ಲಿದೆ. ಕಿಯೊಹಿರಾನ ಮೊಮ್ಮಗ ಹಿದೆಹಿರಾ ಪೂರ್ತಿ ಚಿನ್ನದ ಅಕ್ಷರದಲ್ಲೇ ಇನ್ನೊಂದು ತ್ರಿಪಿಟಕ ಬರೆಸಿದ. ಅದರ 2,724 ಸುರುಳಿ ಇವತ್ತಿಗೂ ಚೂಸೊನ್-ಜಿಯಲ್ಲೇ ಇದಾವೆ. ಅದೇ ಬೆಂಕಿ, ಅದೇ ಬಡತನ, ಅದೇ ಹಿಮ ದಾಟಿ.

ಸೆಂಡೈ_ಕಾವ್ಯ

@ಕಲ್ಲುಬರಹ, ಸರಿಯಾಗಿ ಹೇಳಿದ್ರಿ. ನಾನೂ ಇದನ್ನೇ ಬರೆಯೋಣ ಅಂತಿದ್ದೆ. ಅವರಿಗೆ ಬಿಟ್ಟಿದ್ದನ್ನ ಅವರು ಕಾಪಾಡಿದ್ದಾರೆ.

ಮಂಡ್ಯದ_ಮಾತು

ನನಗೆ ಬೇರೆ ಪ್ರಶ್ನೆ. ಇಷ್ಟೊಂದು ಚಿನ್ನ ಸುರಿದು ಸೂತ್ರ ಬರೆಸಿದ್ದು ಭಕ್ತಿನಾ, ದೊಡ್ಡಸ್ತಿಕೆನಾ? ಆ ಚಿನ್ನ ಹೊಳೆ ಮರಳಲ್ಲಿ ಜಾಲಿಸಿ ತೆಗೆದವರು ಯಾರೋ ಬಡಪಾಯಿಗಳು. ಅವರ ಹೆಸರು ಎಲ್ಲಾದ್ರೂ ಇದೆಯಾ? ಬುದ್ಧ ಅರಮನೆ ಬಿಟ್ಟು ಭಿಕ್ಷೆ ಬೇಡಿದ. ಅವನ ಮಾತನ್ನ ಚಿನ್ನದಲ್ಲಿ ಬರೆಯೋದು ನನಗಂತೂ ಒಪ್ಪಿಗೆ ಆಗಲ್ಲ.

ಕಲ್ಲುಬರಹ

@ಮಂಡ್ಯದ_ಮಾತು, ಪ್ರಶ್ನೆ ನ್ಯಾಯವಾಗಿದೆ. ಆದ್ರೆ ಬರೆಸಿದವನ ಬದುಕು ಒಂದ್ಸಲ ನೋಡಿ, ಆಮೇಲೆ ತೀರ್ಮಾನ ಮಾಡಿ.

ಕಿಯೊಹಿರಾ ಹುಟ್ಟಿದ್ದು 1056ರಲ್ಲಿ, ಜೆನ್ಕುನೆನ್ ಯುದ್ಧದ ನಡುವೆ. ಅಪ್ಪ ತ್ಸುನೆಕಿಯೊ ಕ್ಯೋತೊ ಸರ್ಕಾರದ ಪಕ್ಷ ಬಿಟ್ಟು, ಹೆಂಡತಿಯ ತವರಾದ ಉತ್ತರದ ಆಬೆ ಮನೆತನದ ಜೊತೆ ನಿಂತ. 1062ರಲ್ಲಿ ಸೋತು ಸೆರೆಸಿಕ್ಕ. ಅವನನ್ನ ಕೊಂದದ್ದು ಬೇಕಂತಲೇ ಮೊಂಡು ಮಾಡಿದ ಕತ್ತಿಯಲ್ಲಿ, ನಿಧಾನಕ್ಕೆ ಸಾಯಲಿ ಅಂತ. ಆಗ ಈ ಹುಡುಗನಿಗೆ ಏಳರ ಪ್ರಾಯ. ತಾಯಿಯನ್ನ ಗೆದ್ದ ಪಕ್ಷದ ಕಿಯೊಹಾರಾ ಮನೆತನದವನಿಗೆ ಮದುವೆ ಮಾಡಿಸಿದ್ರು. ಹುಡುಗ ಬೆಳೆದದ್ದು ಅಪ್ಪನನ್ನ ಸೋಲಿಸಿದವರ ಮನೆಯಲ್ಲೇ. ಆಮೇಲೆ 1083ರಿಂದ 1087ರವರೆಗೆ ಗೊಸಾನ್ನೆನ್ ಯುದ್ಧ. ಅದರಲ್ಲಿ ಸ್ವಂತ ತಾಯಿಯ ಇನ್ನೊಬ್ಬ ಮಗ ಇಎಹಿರಾ ಇವನ ಮನೆಗೆ ನುಗ್ಗಿ ಹೆಂಡತಿ-ಮಕ್ಕಳನ್ನ ಕೊಂದ. ಕೊನೆಗೆ ಗೆದ್ದು ಉಳಿದವನು ಕಿಯೊಹಿರಾ ಒಬ್ಬನೇ. ಅಪ್ಪನ ಕುಲನಾಮ ಫುಜಿವಾರಾ ಅಂತ ಮತ್ತೆ ಇಟ್ಟುಕೊಂಡ, ಹಿರಾಇಝುಮಿಗೆ ಬಂದ, ಉಳಿದ ಆಯುಷ್ಯವನ್ನೆಲ್ಲ ಗುಡಿ ಕಟ್ಟಿಸೋಕೆ, ಸೂತ್ರ ಬರೆಸೋಕೆ ಕಳೆದ.

1126ರ ಅವನ ಪ್ರಾರ್ಥನಾಪತ್ರ ಇದೆ. ಮೂಲ ಹೋಗಿದೆ, 14ನೇ ಶತಮಾನದ ನಕಲುಗಳು ಉಳಿದಿವೆ. ಅದರ ತಾತ್ಪರ್ಯ ಇಷ್ಟು: ಈ ಗಂಟೆಯ ನಾದ ಎಲ್ಲರಿಗೂ ಸಮಾನವಾಗಿ ಮುಟ್ಟಲಿ, ಸರ್ಕಾರದ ಪಡೆಯಲ್ಲಿ ಸತ್ತವರಿಗೂ ಉತ್ತರದ ಎಮಿಶಿ ಜನರಲ್ಲಿ ಸತ್ತವರಿಗೂ, ಮನುಷ್ಯರಿಗೆ ಬಲಿಯಾದ ಪ್ರಾಣಿ, ಪಕ್ಷಿ, ಮೀನುಗಳಿಗೂ. ಅಪ್ಪನನ್ನ ಕೊಂದ ಪಕ್ಷದವರೂ ಆ ಪ್ರಾರ್ಥನೆ ಒಳಗೇ ಬರ್ತಾರೆ. ದೊಡ್ಡಸ್ತಿಕೆಗೆ ಇಷ್ಟು ಬೇಕಾಗಿರಲಿಲ್ಲ.

ಮಂಡ್ಯದ_ಮಾತು

@ಕಲ್ಲುಬರಹ, ಓದಿ ಮನಸ್ಸು ಭಾರ ಆಯ್ತು. ಆದ್ರೂ ನನ್ನ ಮಾತು ಬಿಡಲ್ಲ. ಮೀನಿಗೂ ಪ್ರಾರ್ಥನೆ ಇದೆ, ಗಣಿಯ ಆಳಿಗೆ ಎಲ್ಲಿದೆ?

ಹೊಸಪೇಟೆ_ಶಾರದಾ

ಎರಡೂ ಇರಬಹುದು ಅಲ್ವಾ? ದುಃಖವೂ ನಿಜ, ರಾಜಕೀಯವೂ ನಿಜ. ಕ್ಯೋತೊದವರ ಕಣ್ಣಲ್ಲಿ ಉತ್ತರದವರು ಕಾಡುಜನ. ಕಿಯೊಹಿರಾ ತಾನೇ ಆ ಪತ್ರದಲ್ಲಿ ತನ್ನನ್ನ ಎಮಿಶಿಗಳ ಮುಖ್ಯಸ್ಥ ಅಂತ ಕರ್ಕೋತಾನೆ. ಅಂಥವನು ರಾಜಧಾನಿಯಲ್ಲೂ ಅಪರೂಪವಾದಂಥ ಸೂತ್ರ ಬರೆಸ್ತಾನೆ ಅಂದ್ರೆ, ನಾವು ನಿಮಗಿಂತ ಕಡಿಮೆ ಅಲ್ಲ ಅಂತಲೂ ಹೇಳಿದ ಹಾಗೆ. ಚಿನ್ನಕ್ಕಂತೂ ಅಲ್ಲಿ ಬರ ಇರಲಿಲ್ಲ. 749ರಲ್ಲಿ ಮುತ್ಸು ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿದ್ದಕ್ಕೇ ನಾರಾದ ಮಹಾಬುದ್ಧನಿಗೆ ಚಿನ್ನ ಲೇಪಿಸೋಕೆ ಆಯ್ತು. ಆಗಿನಿಂದ ಆ ಚಿನ್ನ ದಕ್ಷಿಣಕ್ಕೆ ಹರಿದದ್ದೇ ಹರಿದದ್ದು. ಕಿಯೊಹಿರಾ ಅದನ್ನ ತನ್ನ ನೆಲದಲ್ಲೇ ಉಳಿಸಿದ. ಸೂತ್ರಗಳನ್ನ ಕೋಯಾಗೆ ಒಯ್ದಾಗ ಆ ಚಿನ್ನವೂ ಮತ್ತೆ ದಕ್ಷಿಣಕ್ಕೇ ಹೋಯ್ತು. ಕಾವ್ಯ ಅವರ ಸಿಟ್ಟು ನನಗೆ ಅರ್ಥ ಆಗೋದು ಇಲ್ಲೇ.

ಗುಬ್ಬಿಗೂಡು

ಒಂದು ಡೌಟು. ಇದು ಆ ಹೈಕೆ ಮನೆತನದ ಸೂತ್ರನಾ? ತುಂಬ ಶೇರ್ ಆಗ್ತಿರುತ್ತಲ್ಲ, ಬಣ್ಣಬಣ್ಣದ ಚಿತ್ರ ಇರೋದು?

ಒಸಾಕಾ_ರಘು

ಅಲ್ಲ. ಹೈಕೆ ನೋಕ್ಯೊ ಬೇರೆ. ಹೈಕೆ ಅಂದ್ರೆ ತಾಯ್ರಾ ಮನೆತನ. 1164ರಲ್ಲಿ ತಾಯ್ರಾ ನೊ ಕಿಯೊಮೊರಿ ಅರ್ಪಿಸಿದ 33 ಸುರುಳಿ ಅವು, ಇರೋದು ಮಿಯಾಜಿಮಾದ ಇತ್ಸುಕುಶಿಮಾ ಶಿಂತೊ ದೇಗುಲದಲ್ಲಿ. ಅದು ಕಣ್ಣಿಗೆ ಹಬ್ಬ, ಪ್ರತಿ ಸುರುಳಿಗೂ ಬೇರೆ ಕಾಗದ, ಬೇರೆ ಚಿತ್ರ. ಚೂಸೊನ್-ಜಿಯದು ಎಲ್ಲಾ ನೀಲಿ ಕಾಗದ, ಒಂದೇ ಶಿಸ್ತು, ಆದ್ರೆ ಪ್ರಮಾಣ ನೋಡಿ: ಅಲ್ಲಿ 33, ಇಲ್ಲಿ 5,300.

ಮೈಸೂರು_ಕುಂಚ

ನಾನು ಮೈಸೂರು ಶೈಲಿಯಲ್ಲಿ ಚಿತ್ರ ಬರೆಯೋನು, ಚಿನ್ನದ ಜೊತೆಗೇ ದಿನ ಕಳೆಯೋನು. ಅದಕ್ಕೇ ಕೆಲಸದ ಬಗ್ಗೆ ಒಂದೆರಡು ಮಾತು. ಇಷ್ಟು ಹೊತ್ತು ಯಾರೂ ಆ ಕಡೆ ಹೋಗಲಿಲ್ಲ.

ನಾವು ಚಿನ್ನದ ರೇಕನ್ನ ಉಬ್ಬು ಲೇಪದ ಮೇಲೆ ಅಂಟಿಸ್ತೀವಿ. ಅವರು ಅದೇ ರೇಕನ್ನ ಪುಡಿ ಮಾಡಿ ಶಾಯಿ ಮಾಡ್ತಾರೆ. ಬಟ್ಟಲಲ್ಲಿ ಪ್ರಾಣಿ ಚರ್ಮದಿಂದ ತೆಗೆದ ಅಂಟು ಒಂದೆರಡು ಹನಿ, ಅದರ ಮೇಲೆ ರೇಕು, ಬೆರಳ ತುದಿಯಿಂದ ಅರೆಯೋದು. ಅರೆದು ಅರೆದು ಅಂಟು ಒಣಗೋ ಹಂತಕ್ಕೆ ಬಂದ್ರೆ ಬಿಸಿನೀರು ಬಿಟ್ಟು ತೊಳೆದು, ಚಿನ್ನ ತಳಕ್ಕೆ ಕೂತ ಮೇಲೆ ಮೇಲಿನ ನೀರು ಚೆಲ್ಲಿ, ಮತ್ತೆ ಅಂಟು, ಮತ್ತೆ ಅರೆತ. ಕಷ್ಟ ಏನಂದ್ರೆ ಚಿನ್ನ ಭಾರ. ಕುಂಚ ಅದ್ದಿ ಎತ್ತೋದರೊಳಗೆ ಕಣಗಳು ತಳಕ್ಕೆ ಇಳಿದಿರುತ್ವೆ. ಪ್ರತಿ ಸಲ ಕಲಕಲೇಬೇಕು. ಮಸಿಯಲ್ಲಿ ಬರೆಯೋ ಹಾಗೆ ಓಟದಲ್ಲಿ ಬರೆಯೋಕಾಗಲ್ಲ. ಅಂಟು ಹೆಚ್ಚಾದ್ರೆ ಹೊಳಪು ಸಾಯುತ್ತೆ, ಕಡಿಮೆಯಾದ್ರೆ ಒಣಗಿದ ಮೇಲೆ ಅಕ್ಷರ ಉದುರುತ್ತೆ. ಬರೆದಾದ ಮೇಲೆ ಕಾಡುಹಂದಿ ಕೋರೆಯಂಥ ನುಣುಪಾದ ವಸ್ತುವಿನಿಂದ ಪ್ರತಿ ಅಕ್ಷರವನ್ನೂ ಉಜ್ಜಬೇಕು, ಆಗಲೇ ಮಂಕು ಹಳದಿ ಹೋಗಿ ಚಿನ್ನ ಕಾಣೋದು.

ಕಾಗದಕ್ಕೆ ನೀಲಿ ಅಂದ್ರೆ ನೀಲಿ ಗಿಡದ ಬಣ್ಣ. ಒಂದು ಅದ್ದಿಗೆ ಆ ಕಡು ನೀಲಿ ಬರಲ್ಲ, ಪದರ ಪದರವಾಗಿ ಏರಿಸಬೇಕು. ಒದ್ದೆ ಕಾಗದ ಹರಿಯದ ಹಾಗೆ ಅಷ್ಟು ಸಲ ಕೈಯಾಡಿಸೋದೇ ಒಂದು ವಿದ್ಯೆ.

ಈಗ ಆ ಒಂದು ಸಾಲು ಚಿನ್ನ, ಒಂದು ಸಾಲು ಬೆಳ್ಳಿ ವಿಷಯ. ರೂಢಿಯಂತೆ ಸಾಲಿಗೆ 17 ಅಕ್ಷರ. ಚಿನ್ನದ ಕುಂಚ ಬೆಳ್ಳಿಗೆ ತಾಕಿದ್ರೆ ಎರಡೂ ಕೆಡುತ್ವೆ. ಎರಡು ಬಟ್ಟಲು, ಎರಡು ಕುಂಚ, ಎರಡರ ಅಂಟಿನ ಹದವೂ ಬೇರೆ. ಹೀಗೆ 5,300 ಸುರುಳಿ. ನನಗೆ ಇದು ದೊಡ್ಡಸ್ತಿಕೆ ಅಂತ ಅನ್ನಿಸಲೇ ಇಲ್ಲ. ಕೈ ನಡುಗುವಷ್ಟು ದುಡಿದವರ ಕೆಲಸ ಅನ್ನಿಸ್ತು.

ಮಂಡ್ಯದ_ಮಾತು

@ಮೈಸೂರು_ಕುಂಚ, ಇದು ಓದಿ ಖುಷಿಯಾಯ್ತು. ಕೊನೆಗೂ ದುಡಿದವರ ಬಗ್ಗೆ ಒಬ್ಬರು ಬರೆದ್ರಿ.

ಕಲ್ಲುಬರಹ

ದುಡಿದವರಲ್ಲಿ ಒಬ್ಬನ ಹೆಸರಂತೂ ಇದೆ. ಜಿಝೈಬೊ ರೆಂಕೊ ಅನ್ನೋ ಭಿಕ್ಷು ಇಡೀ ಕೆಲಸದ ಮೇಲ್ವಿಚಾರಣೆ ನೋಡಿಕೊಂಡವನು. ಮುಗಿದ ಮೇಲೆ 1126ರಲ್ಲಿ ಕಿಯೊಹಿರಾ ಅವನನ್ನೇ ಸೂತ್ರಭಂಡಾರದ ಮುಖ್ಯಸ್ಥನಾಗಿ ಮಾಡಿದ. ಸುರುಳಿಗಳ ಕೊನೆಯ ಬರಹದಲ್ಲಿ ಕಿಯೊಹಿರಾ ಜೊತೆ ಅವನ ಆಗಿನ ಹೆಂಡತಿ, ತಾಯ್ರಾ ಕುಲದವಳು, ಅವಳ ಉಲ್ಲೇಖವೂ ಬರುತ್ತೆ. ಇಬ್ಬರೂ ಸೇರಿ ಮಾಡಿಸಿದ ಪುಣ್ಯಕಾರ್ಯ.

ಈ ಚಿನ್ನ-ಬೆಳ್ಳಿ ವಿಧಾನ ಅವರೇ ಕಂಡುಹಿಡಿದದ್ದೂ ಅಲ್ಲ. 840ರಲ್ಲಿ ಜಪಾನಿ ಭಿಕ್ಷು ಎನ್ನಿನ್ ಚೀನಾದ ವುತಾಯ್ ಬೆಟ್ಟದಲ್ಲಿ ನೀಲಿ ಕಾಗದದ ಮೇಲೆ ಚಿನ್ನ-ಬೆಳ್ಳಿ ಅಕ್ಷರದ ತ್ರಿಪಿಟಕ ನೋಡಿದ್ದನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಚೂಸೊನ್-ಜಿಯ ಸ್ಥಳಪುರಾಣ ಕೇಳಿದ್ರೆ 850ರಲ್ಲಿ ಅದನ್ನ ಸ್ಥಾಪಿಸಿದ್ದೂ ಅದೇ ಎನ್ನಿನ್. ಅವನು ಕಣ್ಣಾರೆ ಕಂಡಿದ್ದನ್ನ ಅವನ ಹೆಸರಿನ ಗುಡಿಯಲ್ಲಿ ಮತ್ತೆ ಮಾಡಿಸಿದ್ರು ಅಂತ ನಾನು ಓದಿಕೊಳ್ತೀನಿ.

ಧಾರವಾಡ_ಮಳಿ

ಪುಣ್ಯಕ್ಕ ಗ್ರಂಥ ಬರಸೋದು ನಮಗೇನ್ ಹೊಸಾದಲ್ರಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ್ದು ಸಾವಿರ ಪ್ರತಿ ಮಾಡಿಸಿ ಹಂಚಿದ್ಲು. ಕಿಯೊಹಿರಾನಕ್ಕಿಂತ ಒಂದು ಶತಮಾನಕ್ಕೂ ಮೊದ್ಲ. ಲಕ್ಕುಂಡಿಗೆ ಹೋದ್ರ ಆಕೀ ಕಟ್ಟಿಸಿದ ಬಸದಿ ಇನ್ನೂ ನಿಂತದ.

ಆದ್ರ ಒಂದು ಫರಕು ಐತಿ. ಆಕೀ ಹಂಚಿದ್ಲು, ಮಂದಿ ಓದ್ಲಿ ಅಂತ. ಈತ ಭಂಡಾರದಾಗ ಇಟ್ಟ. ನನ್ನ ಕೇಳಿದ್ರ ಅತ್ತಿಮಬ್ಬೇದೇ ದೊಡ್ಡ ದಾನ.

ಹೊಸಪೇಟೆ_ಶಾರದಾ

@ಧಾರವಾಡ_ಮಳಿ, ಹೋಲಿಕೆ ಚೆನ್ನಾಗಿದೆ, ತೂಗಿದ್ದು ಸರಿಯಿಲ್ಲ. ಅತ್ತಿಮಬ್ಬೆಯದು ಶಾಸ್ತ್ರದಾನ, ಒಂದು ಕಾವ್ಯ ಅಳಿಯಬಾರದು ಅನ್ನೋ ಕಾಳಜಿ. ಇದು ಸತ್ತವರ ಸದ್ಗತಿಗೆ. ಉದ್ದೇಶವೇ ಬೇರೆ ಇದ್ದಾಗ ಯಾವುದು ದೊಡ್ಡದು ಅಂತ ಅಳೆಯೋದು ಹೇಗೆ? ಇಲ್ಲಿ ಬರೆಯೋ ಕ್ರಿಯೆಯೇ ಪೂಜೆ. ನೀಲಿ ಬಣ್ಣವೂ ಸುಮ್ಮನೆ ಆರಿಸಿದ್ದಲ್ಲ. ಸುಖಾವತಿ, ಅಂದ್ರೆ ಅಮಿತಾಭನ ಲೋಕದ ನೆಲ ವೈಡೂರ್ಯದ್ದು ಅಂತ ಸೂತ್ರಗಳು ವರ್ಣಿಸ್ತವೆ. ಆ ನೆಲದ ಮೇಲೆ ಬುದ್ಧನ ಮಾತು ಚಿನ್ನದಲ್ಲಿ ಎದ್ದು ನಿಲ್ಲುತ್ತೆ.

ಕರಾವಳಿ_ಕಡಲು

ಅತ್ತಿಮಬ್ಬೆ ಸರಿ, ಆದರೆ ಮೂಡಬಿದಿರೆ ಯಾಕೆ ಯಾರಿಗೂ ನೆನಪಾಗಲಿಲ್ಲ ಮಾರಾಯ್ರೆ? ಗುರು ಬಸದಿಯ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳು ಸುಮಾರು ಅದೇ ಕಾಲದ್ದು, 12ನೇ ಶತಮಾನದ ಆರಂಭ. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ನಮ್ಮ ಹಳಗನ್ನಡದ್ದು, ಗರಿಗಳ ಮೇಲೆ ತೀರ್ಥಂಕರರ, ಯಕ್ಷಿಯರ ಬಣ್ಣದ ಚಿತ್ರ. ಹಿರಾಇಝುಮಿಯಲ್ಲಿ ಚಿನ್ನ ಅರೆಯುವ ಹೊತ್ತಿಗೆ ಇಲ್ಲಿಯೂ ಒಬ್ಬ ಲಿಪಿಕಾರ ಬೆನ್ನು ಬಗ್ಗಿಸಿ ಕೂತಿದ್ದ.

ಮತ್ತೆ ಕಾವ್ಯ ಅವರ ಪ್ರಶ್ನೆಗೂ ಇದಕ್ಕೂ ಸಂಬಂಧ ಉಂಟು. ಆ ಗರಿಗಳು ಶತಮಾನಗಳ ಕಾಲ ಬರೀ ದರ್ಶನಕ್ಕೆ ಇದ್ದವು. 20ನೇ ಶತಮಾನದಲ್ಲಿ ಪ್ರತಿ ಹೊರಗೆ ಬಂದು, 1939ರಿಂದ ಹೀರಾಲಾಲ್ ಜೈನ್ ಸಂಪಾದಿಸಿ 16 ಸಂಪುಟ ಅಚ್ಚಾದ ಮೇಲೆಯೇ ಪಂಡಿತರ ಕೈಗೆ ಸಿಕ್ಕಿದ್ದು. ಹಾಗಂತ ಮೂಲ ಗರಿಗಳು ಮೂಡಬಿದಿರೆ ಬಿಟ್ಟು ಹೋಗಲಿಲ್ಲ. ಓದುವುದಕ್ಕೆ ಅಚ್ಚು ಸಾಕು. ಕೈ ಮುಗಿಯುವುದಕ್ಕೆ ಮೂಲ ಅದರ ಜಾಗದಲ್ಲೇ ಇರಬೇಕು. ನಾಳೆ ಯಾರಾದರೂ ಬಂದು ರಕ್ಷಣೆ ಚೆನ್ನಾಗಿದೆ ಅಂತ ಅವನ್ನು ಬೇರೆ ರಾಜ್ಯಕ್ಕೆ ಒಯ್ದರೆ ನಾವು ಸುಮ್ಮನೆ ಇರ್ತೇವಾ? ನನ್ನ ಮತ ಚೂಸೊನ್-ಜಿಗೆ.

ಧಾರವಾಡ_ಮಳಿ

ಭೇಷ್! ಇದನ್ನ ನಾನೂ ಅಂದಿದ್ದು, ನೀವು ನೆಟ್ಟಗ ಹೇಳಿದ್ರಿ.

ಒಸಾಕಾ_ರಘು

ಸರಿ, ಆದ್ರೆ ಒಂದು ವಿಷಯ ಎಲ್ಲರೂ ದಾಟಿ ಹೋಗ್ತಿದ್ದೀರಿ. ಕೋಯಾದಲ್ಲಿ ಅದು ಮ್ಯೂಸಿಯಂ ವಸ್ತುವಾಗಿ ಹೋಗಿ ಕೂತಿಲ್ಲ. ಅದೂ ಜೀವಂತ ಕ್ಷೇತ್ರ, ಲಕ್ಷಾಂತರ ಸಮಾಧಿಗಳ ನಡುವೆ ದಿನವೂ ಸತ್ತವರಿಗೆ ಮಂತ್ರ ಹೇಳೋ ಜಾಗ. ಸಂಪ್ರದಾಯ ಬೇರೆ, ಒಪ್ತೀನಿ. ಚೂಸೊನ್-ಜಿ ತೆಂದಾಯ್, ಕೋಯಾ ಶಿಂಗೊನ್. ಆದ್ರೆ ಯುದ್ಧದಲ್ಲಿ ಸತ್ತ ಎಲ್ಲರಿಗೂ ಅಂತ ಬರೆಸಿದ ಸೂತ್ರ, ಶತ್ರು-ಮಿತ್ರರು ಅಕ್ಕಪಕ್ಕ ಮಲಗಿರೋ ಒಕುನೊಇನ್ ಸಮಾಧಿವನದ ಪಕ್ಕ ಇರೋದು ಅನ್ಯಾಯ ಅಂತ ನನಗೆ ಅನ್ನಿಸಲ್ಲ. ಅಲ್ಲಿ ತಾಕೆದಾ ಶಿಂಗೆನ್‌ಗೂ ಉಎಸುಗಿ ಕೆನ್‌ಶಿನ್‌ಗೂ ಸ್ಮಾರಕಗಳಿವೆ, ಜೀವನಪೂರ್ತಿ ಹೊಡೆದಾಡಿದವರು.

ಕಾನೂನು ನೋಡಿದ್ರೂ ಅದು ಕೊಂಗೋಬು-ಜಿಯ ಆಸ್ತಿ. ಅವರು ಮನಸ್ಸು ಮಾಡದೆ ಏನೂ ಆಗಲ್ಲ.

ಸೆಂಡೈ_ಕಾವ್ಯ

@ಒಸಾಕಾ_ರಘು, ಒಕುನೊಇನ್ ಮಾತು ನಿಜಕ್ಕೂ ಯೋಚನೆಗೆ ಹಚ್ಚಿತು. ಆದ್ರೆ ಕಾನೂನು ಬೇರೆ, ನ್ಯಾಯ ಬೇರೆ. ಸತ್ತ ಎಮಿಶಿಗಳ ಊರು ಇದು. ಅವರ ಹೆಸರಲ್ಲಿ ಯಾರೂ ಎಲ್ಲೂ ಒಂದು ಕಲ್ಲು ನಿಲ್ಲಿಸಿರಲಿಲ್ಲ. ಅವರಿಗೆ ಅಂತ ಇದ್ದದ್ದು ಈ ಪ್ರಾರ್ಥನೆ, ಈ ಗುಡಿ, ಈ ಸೂತ್ರ. ತಾಕೆದಾ, ಉಎಸುಗಿಯಂಥವರಿಗೆ ಸ್ಮಾರಕಕ್ಕೇನು ಕೊರತೆ?

ಪೂರ್ತಿ ವಾಪಸ್ ಆಗಲ್ಲ ಅಂದ್ರೆ ಪ್ರತಿ ವರ್ಷ ಒಂದಷ್ಟು ಸುರುಳಿ ಹಿರಾಇಝುಮಿಗೆ ಬಂದು, ಅಲ್ಲಿ ಪಾರಾಯಣ ಆಗಿ, ಮತ್ತೆ ಹೋಗಲಿ. ಇದಾದ್ರೂ ಆಗಬಾರದಾ?

ಮೈಸೂರು_ಕುಂಚ

@ಸೆಂಡೈ_ಕಾವ್ಯ, ಭಾವನೆ ಅರ್ಥ ಆಗುತ್ತೆ, ಆದ್ರೆ ಪಾರಾಯಣಕ್ಕೆ ಮೂಲ ಬಿಚ್ಚೋದು ಬೇಡ. ಸುರುಳಿ ಬಿಚ್ಚಿ ಸುತ್ತಿದಾಗೆಲ್ಲ ಕಾಗದ ಬಾಗುತ್ತೆ, ಚಿನ್ನದ ಅಕ್ಷರ ಬಾಗಲ್ಲ. ಬಿರುಕು ಬಿಡೋದು, ಉದುರೋದು ಹಾಗೇ. ಬೆಳ್ಳಿಗೆ ಗಾಳಿಯೇ ಶತ್ರು, ನೀಲಿಗೆ ಬೆಳಕು ಶತ್ರು. ಓದೋಕೆ ಹೊಸ ಪ್ರತಿ ಬರೆಸಲಿ. ಮೂಲ ಬಂದ್ರೆ ಪೆಟ್ಟಿಗೆಯಲ್ಲೇ ಬರಲಿ, ಪೆಟ್ಟಿಗೆಯಲ್ಲೇ ಇರಲಿ.

ನೀಲಿತಾವರೆ

ಬೆಂಕಿ ವಿಷಯ ಬಂತಲ್ಲ, ನಾರಾದ ತೋದಾಯ್-ಜಿಯ ನಿಗತ್ಸುದೊದಲ್ಲಿದ್ದ "ಸುಟ್ಟ ಸೂತ್ರ" ನೋಡಿದ್ದೀರಾ ಯಾರಾದ್ರೂ? ಅದು 8ನೇ ಶತಮಾನದ್ದು, ಅವತಂಸಕ ಸೂತ್ರ, ನೀಲಿ ಕಾಗದದ ಮೇಲೆ ಪೂರ್ತಿ ಬೆಳ್ಳಿ ಅಕ್ಷರ. 1667ರಲ್ಲಿ ಶುನಿಎ ವ್ರತದ ಹೊತ್ತಲ್ಲಿ ಮಂದಿರಕ್ಕೆ ಬೆಂಕಿ ಬಿದ್ದಾಗ ಇದೂ ಉರೀತು. ಉಳಿದ ಭಾಗದ ಅಂಚುಗಳು ಅಲೆಯಲೆಯಾಗಿ ಕರಿಕಿವೆ, ಆ ಕಪ್ಪಿನ ಮೇಲೆ ನೀಲಿ, ನೀಲಿ ಒಳಗೆ ಬೆಳ್ಳಿ ಇವತ್ತಿಗೂ ಹೊಳೆಯುತ್ತೆ. ಬಿಡಿ ತುಂಡುಗಳು ಬೇರೆ ಬೇರೆ ಕಡೆ ಚದುರಿವೆ. ನನಗೆ ತುಂಬ ಇಷ್ಟವಾದದ್ದು.

ಗುಬ್ಬಿಗೂಡು

ಸುರುಳಿಯಲ್ಲಿ ಬರೀ ಅಕ್ಷರನಾ, ಚಿತ್ರವೂ ಇದೆಯಾ?

ಸೆಂಡೈ_ಕಾವ್ಯ

ಇದೆ. ಹೊರ ಹೊದಿಕೆ ಮೇಲೆ ಚಿನ್ನ-ಬೆಳ್ಳಿಯ ಹೂಬಳ್ಳಿ. ಬಿಚ್ಚಿದ ಕೂಡಲೇ ಮೊದಲ ಭಾಗದಲ್ಲಿ ಮುಖಚಿತ್ರ, ಶಾಕ್ಯಮುನಿ ಕೂತು ಉಪದೇಶ ಮಾಡ್ತಿರೋದು, ಸುತ್ತ ಬೋಧಿಸತ್ವರು, ಶಿಷ್ಯರು, ಹಿಂದೆ ಬೆಟ್ಟ. ಎಲ್ಲಾ ಗೆರೆಗಳಲ್ಲೇ.

ಹೊಸಪೇಟೆ_ಶಾರದಾ

ಆ ಬೆಟ್ಟ ನಮ್ಮ ರಾಜಗೃಹದ ಗೃಧ್ರಕೂಟ, ಅಂದ್ರೆ ಹದ್ದಿನ ಬೆಟ್ಟ, ಬಿಹಾರದ ರಾಜಗೀರ್. ಆ ಕಾಲದ ಇಂಥ ಮುಖಚಿತ್ರಗಳಲ್ಲಿ ಕೆಲವು ಕಡೆ ಬೆಟ್ಟದ ತುದಿಯನ್ನ ಹದ್ದಿನ ತಲೆ, ಕೊಕ್ಕಿನ ಆಕಾರದಲ್ಲೇ ಬರೆದಿರ್ತಾರೆ. ಬರೆದವರಲ್ಲಿ ಯಾರೂ ಮಗಧ ಕಂಡವರಲ್ಲ. ಕುಮಾರಜೀವನಂಥವರು ಚೀನೀ ಭಾಷೆಗೆ ತಂದ ಪಾಠವನ್ನ ಓದಿ, ಕೇಳಿ, ಆ ಬೆಟ್ಟ ಹೀಗೇ ಇರಬೇಕು ಅಂತ ನಂಬಿ ಬರೆದವರು. ನಾನು ರಾಜಗೀರ್‌ಗೆ ಹೋದಾಗ ಅಲ್ಲಿ ಜಪಾನಿ ಯಾತ್ರಿಕರ ಗುಂಪೊಂದು ಕೂತು ಸದ್ಧರ್ಮಪುಂಡರೀಕ ಪಠಿಸ್ತಿತ್ತು. ಯಾಕಿಷ್ಟು ದೂರ ಬಂದಿದ್ದಾರೆ ಅಂತ ಕೇಳಬೇಕಾಗಲೇ ಇಲ್ಲ.

ನೀಲಿತಾವರೆ

ಸ್ವಲ್ಪ ವಿಷಯಾಂತರ, ಆದ್ರೆ ಹೇಳಲೇಬೇಕು. ಕೊಂಜಿಕಿದೊದ ಕೆಳಗೆ ಕಿಯೊಹಿರಾ, ಮೊತೊಹಿರಾ, ಹಿದೆಹಿರಾ ಮೂವರ ದೇಹಗಳಿವೆ, ಜೊತೆಗೆ ನಾಲ್ಕನೆಯವನಾದ ಯಾಸುಹಿರಾನ ತಲೆ. 1950ರಲ್ಲಿ ಪರೀಕ್ಷೆ ಮಾಡಿದಾಗ ತಲೆಯಿದ್ದ ಪೆಟ್ಟಿಗೆಯಲ್ಲಿ ತಾವರೆ ಬೀಜ ಸಿಕ್ಕವು. ಅವು ಮೊಳೆತು 1998ರಲ್ಲಿ ಹೂ ಬಿಟ್ಟವು. ಈಗ ಚೂಸೊನ್-ಜಿಯ ಕೊಳದಲ್ಲಿ ಬೇಸಿಗೆಗೆ ಅರಳುತ್ತೆ. ಹೋಗೋರು ಜುಲೈ ಕಡೆಗೆ ಹೋಗಿ, ಬೆಳಿಗ್ಗೆ ಬೇಗ.

ಮಂಡ್ಯದ_ಮಾತು

800 ವರ್ಷದ ಬೀಜಾನಾ? ರೋಮಾಂಚನ ಆಯ್ತು ಕಣ್ರಿ.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೀತಿದೆ. ತಾವರೆ ಬಗ್ಗೆ ಬೇರೆ ಎಳೆ ಶುರು ಮಾಡಿದ್ರೆ ಒಳ್ಳೇದು. ಇಲ್ಲಿ ಸೂತ್ರದ ಬಗ್ಗೆ ಮುಂದುವರಿಸಿ.

ಕರಾವಳಿ_ಕಡಲು

ನಿರ್ವಾಹಕರೇ, ಮೊದಲು ಮುಖ್ಯ ಪ್ರಶ್ನೆಗೆ ಮತ ಹಾಕಿಸಿ. ನಾನು, ಕಾವ್ಯ, ಧಾರವಾಡದವರು ವಾಪಸ್ ಪರ. ರಘು ವಿರೋಧ. ಉಳಿದವರು?

ಕಲ್ಲುಬರಹ

ನಾನು ಮಧ್ಯದಲ್ಲಿ ನಿಲ್ತೀನಿ, ಬೈಯಬೇಡಿ. 4,296 ಸುರುಳಿ ಒಂದೇ ಕಡೆ ಇರೋದರಿಂದ ವಿದ್ವಾಂಸರಿಗೆ ದೊಡ್ಡ ಅನುಕೂಲ. ಮುಖಚಿತ್ರಗಳನ್ನ, ಬೇರೆ ಬೇರೆ ಲಿಪಿಕಾರರ ಕೈಬರಹವನ್ನ ಪಕ್ಕಪಕ್ಕ ಇಟ್ಟು ನೋಡಬಹುದು. ಹೋಗೋದಾದ್ರೆ ಇಡಿಯಾಗಿ ಹೋಗಬೇಕು. ಅರ್ಧ ಇಲ್ಲಿ, ಅರ್ಧ ಅಲ್ಲಿ ಮಾಡೋದು ಎಲ್ಲಕ್ಕಿಂತ ಕೆಟ್ಟದು. ಈಗಾಗಲೇ ಕೆಲವು ಒಸಾಕಾ ಪ್ರಾಂತ್ಯದ ಕಾನ್‌ಶಿನ್-ಜಿಯಲ್ಲೂ ಇವೆ.

ಹೊಸಪೇಟೆ_ಶಾರದಾ

ನಾನು ವಾಪಸ್ ಪರ. ಆದ್ರೆ ಕೇಳೋ ಹಕ್ಕು ಹಿರಾಇಝುಮಿಯ ಜನರದ್ದು, ನಮ್ಮದಲ್ಲ.

ಒಸಾಕಾ_ರಘು

@ಸೆಂಡೈ_ಕಾವ್ಯ, ವಾದ ಮುಂದುವರಿಸೋಣ, ಆದ್ರೆ ಮೊದಲು ಒಂದ್ಸಲ ಕೋಯಾಗೆ ಬನ್ನಿ. ಸುರುಳಿಗಳನ್ನ ತೋರಿಸೋದು 1921ರಲ್ಲಿ ತೆರೆದ ರೇಹೋಕಾನ್ ಸಂಗ್ರಹಾಲಯದಲ್ಲಿ, ಅದೂ ಕೆಲವೇ ಸುರುಳಿ, ಆಗಾಗ ಬದಲಾಯಿಸ್ತಾರೆ. ಯಾವ ಪ್ರದರ್ಶನದಲ್ಲಿ ಚೂಸೊನ್-ಜಿ ಸೂತ್ರ ಇದೆ ಅಂತ ಮೊದಲೇ ಅವರ ಪಟ್ಟಿ ನೋಡ್ಕೊಂಡು ಹೊರಡಿ. ನಂಬಾದಿಂದ ನಾಂಕಾಯ್ ರೈಲು, ಕೊನೆಗೆ ಕೇಬಲ್ ಕಾರ್, ಆಮೇಲೆ ಬಸ್ಸು. ಚಳಿಗಾಲದಲ್ಲಿ ಹಿಮ ಬೀಳುತ್ತೆ, ಬೆಚ್ಚಗಿನ ಬಟ್ಟೆ ಇರಲಿ.

ಸೆಂಡೈ_ಕಾವ್ಯ

ಬರ್ತೀನಿ. ಪಟ್ಟಿ ನೋಡಿ ದಿನ ಹೇಳ್ತೀನಿ. ಅಲ್ಲಿ ನಿಂತೂ ವಾಪಸ್ ಕೊಡಿ ಅಂತಲೇ ಹೇಳ್ತೀನಿ.